ಪ್ಲೇಟು 15 ಮಿಲಿಕೆಲ್ವಿನ್, ಎಲೆಕ್ಟ್ರಾನು 150: ಜೋಡಿ ಕ್ವಾಂಟಂ ಡಾಟ್‌ಗಳಲ್ಲಿ ದೋಷ ಹುಡುಕುವ ಕೈಪಿಡಿ

ಲಕ್ಷಣ

ಕ್ವಾಂಟಂ ಡಾಟ್ ಎಂದರೆ ಎಲೆಕ್ಟ್ರಾನುಗಳನ್ನು ಹಿಡಿದಿಡುವ, ಚಿಪ್ಪಿನ ಮೇಲಿನ ಪುಟ್ಟ ಗೂಡು. ಗೇಟ್‌ಗಳ ವೋಲ್ಟೇಜು ಅದರ ಶಕ್ತಿಮಟ್ಟವನ್ನು ಏರಿಳಿಸುತ್ತದೆ, ಸೋರ್ಸ್ ಮತ್ತು ಡ್ರೇನ್ ಎಂಬ ಎರಡು ಲೀಡುಗಳ ಮೂಲಕ ಎಲೆಕ್ಟ್ರಾನು ಒಳಗೆ ಬಂದು ಹೊರಗೆ ಹೋಗುತ್ತದೆ. ಡೈಲ್ಯೂಷನ್ ಫ್ರಿಜ್ಜಿನ (ಹೀಲಿಯಂ ಮಿಶ್ರಣದಿಂದ ಮಿಲಿಕೆಲ್ವಿನ್‌ಗೆ ತಣಿಸುವ ಯಂತ್ರ) ಅತಿ ತಣ್ಣನೆಯ ಹಂತವಾದ ಮಿಕ್ಸಿಂಗ್ ಚೇಂಬರ್ ಪ್ಲೇಟಿನ ಮೇಲಿನ ಥರ್ಮಾಮೀಟರ್ 15 ಮಿಲಿಕೆಲ್ವಿನ್ ತೋರಿಸುತ್ತಿದೆ. ಆದರೆ ಕೂಲಂಬ್ ಬ್ಲಾಕೇಡ್ ಪೀಕಿನ (ಗೇಟ್ ವೋಲ್ಟೇಜು ಬದಲಿಸುವಾಗ ಎಲೆಕ್ಟ್ರಾನು ಒಂದೊಂದಾಗಿ ದಾಟಬಲ್ಲ ಜಾಗದಲ್ಲಿ ಕರೆಂಟು ಏರುವ ಶಿಖರ) ಅಗಲದಿಂದ ಲೆಕ್ಕ ಹಾಕಿದರೆ ಎಲೆಕ್ಟ್ರಾನಿನ ತಾಪಮಾನ 150 ಬರುತ್ತದೆ. ಪ್ಲೇಟನ್ನು 100ರಿಂದ 15ಕ್ಕೆ ಇಳಿಸಿದರೂ ಪೀಕು ಕೂದಲೆಳೆಯಷ್ಟೂ ಸಣ್ಣಗಾಗುವುದಿಲ್ಲ. ಎರಡೂ ಡಾಟ್‌ಗಳ ಗೇಟ್ ವೋಲ್ಟೇಜನ್ನು ಅಡ್ಡ, ಉದ್ದ ಇಟ್ಟು ತೆಗೆದ ಜೇನುಗೂಡಿನಾಕಾರದ ನಕ್ಷೆಯಲ್ಲಿ ಮೂಲೆಯ ತ್ರಿಬಿಂದುಗಳು (ಮೂರು ಚಾರ್ಜ್ ಸ್ಥಿತಿಗಳು ಕೂಡುವ ಬಿಂದುಗಳು) ಎರಡಾಗಿ ಬಿಡಿಸಿಕೊಳ್ಳದೆ ಒಂದೇ ಮಸುಕು ಮಚ್ಚೆಯಾಗಿ ಕೂತಿವೆ. ಸೋರ್ಸ್, ಡ್ರೇನ್‌ಗಳ ನಡುವೆ ವೋಲ್ಟೇಜ್ (ಬಯಾಸ್) ಹಾಕಿದಾಗ ಆ ಬಿಂದುಗಳು ಹಿಗ್ಗಿ ಆಗುವ ಬಯಾಸ್ ತ್ರಿಕೋನಗಳ ಅಂಚು ಹರಿತವಾಗಿಲ್ಲ.

ಇದನ್ನು ಕಂಡ ಕೂಡಲೇ ಫ್ರಿಜ್ಜಿನ ಮೇಲೆ ಅನುಮಾನ ಬರುತ್ತದೆ. ಫ್ರಿಜ್ಜು ಕೆಟ್ಟಿರುವುದು ಅಪರೂಪ. ಇಷ್ಟು ಕಡಿಮೆ ತಾಪಮಾನದಲ್ಲಿ ಎಲೆಕ್ಟ್ರಾನ್‌ಗಳಿಗೂ ಅವು ಇರುವ ಹರಳಿಗೂ ನಂಟು ತೀರ ಸಡಿಲ. ಲೋಹದಲ್ಲಿ ಎಲೆಕ್ಟ್ರಾನು ಹರಳಿಗೆ ಕೊಡಬಲ್ಲ ಶಾಖ ತಾಪಮಾನದ ಐದನೇ ಘಾತದಂತೆ ಇಳಿಯುತ್ತದೆ: ತಾಪಮಾನ ಹತ್ತನೇ ಒಂದಾದರೆ ಈ ದಾರಿ ಒಂದು ಲಕ್ಷ ಪಟ್ಟು ಕಿರಿದಾಗುತ್ತದೆ. ಹಾಗಾಗಿ ಸುಮಾರು 100 ಮಿಲಿಕೆಲ್ವಿನ್‌ಗಿಂತ ಕೆಳಗೆ ಎಲೆಕ್ಟ್ರಾನು ತಣ್ಣಗಾಗುವುದು ಬಹುಮಟ್ಟಿಗೆ ತನಗೆ ಜೋಡಿಸಿದ ವೈರಿನ ಮೂಲಕವೇ. ಶಾಖ ಒಳಗೆ ನುಗ್ಗುವುದೂ ಅದೇ ವೈರಿನಲ್ಲಿ. ದೋಷವನ್ನು ವೈರಿನಲ್ಲಿ, ಅದರ ಎರಡು ತುದಿಗಳಲ್ಲಿ ಹುಡುಕಬೇಕು.

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯಿಂದ ಚಿಪ್ಪು, ಹೋಲ್ಡರ್, ಫಿಲ್ಟರ್ ಪೆಟ್ಟಿಗೆ ಸಿದ್ಧ ಮಾಡಿಕೊಂಡು ಬೆಂಗಳೂರಿಗೋ ಬೇರೆಡೆಗೋ ಹೋಗಿ ಅಳೆಯುವವರಿಗೆ ಫ್ರಿಜ್ಜಿನ ಒಂದೊಂದು ದಿನವೂ ದುಬಾರಿ. ಅದಕ್ಕೇ ಇಲ್ಲಿ ಎರಡು ಬಗೆಯ ಪರೀಕ್ಷೆಗಳಿವೆ. ಕೆಲವನ್ನು ಫ್ರಿಜ್ಜು ತಣ್ಣಗಿರುವಾಗಲೇ, ಏನನ್ನೂ ಬಿಚ್ಚದೆ ಮಾಡಬಹುದು. ಉಳಿದವನ್ನು ಹೊರಡುವ ಮುನ್ನ ಊರಿನ ಮೇಜಿನ ಮೇಲೇ ಮುಗಿಸಬಹುದು.

ಅಗಲವನ್ನು ಶಾಖವೆಂದು ಓದುವ ಮುನ್ನ

ಬೋಲ್ಟ್ಸ್‌ಮನ್ ಸ್ಥಿರಾಂಕವನ್ನು ತಾಪಮಾನದಿಂದ ಗುಣಿಸಿದ್ದನ್ನು ಮುಂದೆ ‘ಕೆಟಿ’ ಎನ್ನೋಣ. 100 ಮಿಲಿಕೆಲ್ವಿನ್‌ಗೆ ಕೆಟಿ 8.6 ಮೈಕ್ರೋ ಇವಿ (ಎಲೆಕ್ಟ್ರಾನ್‌ವೋಲ್ಟ್), 20ಕ್ಕೆ 1.7. ಒಂದೇ ಶಕ್ತಿಮಟ್ಟದ ಮೂಲಕ ಕರೆಂಟ್ ಹರಿಯುವ ಡಾಟಿನಲ್ಲಿ ಪೀಕಿನ ಅರ್ಧ ಎತ್ತರದ ಅಗಲ 3.5 ಕೆಟಿ. ಮಟ್ಟಗಳು ಒತ್ತೊತ್ತಾಗಿರುವ ದೊಡ್ಡ ಡಾಟಿನಲ್ಲಿ 4.35 ಕೆಟಿ. ಯಾವ ಸೂತ್ರ ಹಾಕುತ್ತಿದ್ದೀರಿ ಎಂಬುದರಲ್ಲೇ ಕಾಲುಭಾಗದಷ್ಟು ವ್ಯತ್ಯಾಸ ಬಂದುಬಿಡುತ್ತದೆ. ಗೇಟಿನ ವೋಲ್ಟನ್ನು ಶಕ್ತಿಗೆ ಬದಲಿಸುವ ಲಿವರ್ ಆರ್ಮ್ ಅನ್ನು ಬಯಾಸ್ ತ್ರಿಕೋನದಿಂದಲೇ ತೆಗೆಯಿರಿ. 0.5 ಮಿಲಿವೋಲ್ಟ್ ಬಯಾಸಿಗೆ ತ್ರಿಕೋನ ಗೇಟಿನಲ್ಲಿ 10 ಮಿಲಿವೋಲ್ಟ್ ಉದ್ದ ಬಂದರೆ ಲಿವರ್ ಆರ್ಮ್ 0.05. ಹಿಂದಿನ ಚಿಪ್ಪಿನ ಅಂಕಿಯನ್ನು ಎರವಲು ತರಬೇಡಿ.

ಈಗ ಗೇಟಿಗೆ ವೋಲ್ಟೇಜ್ ಕೊಡುವ ಡ್ಯಾಕ್ (ಡಿಜಿಟಲ್ ಅಂಕಿಯನ್ನು ವೋಲ್ಟೇಜಾಗಿ ಬದಲಿಸುವ ಯಂತ್ರ) ನೋಡಿ. ಲಿವರ್ ಆರ್ಮ್ 0.05 ಇದ್ದರೆ 20 ಮಿಲಿಕೆಲ್ವಿನ್‌ನ ಪೀಕು ಗೇಟಿನಲ್ಲಿ 0.12 ಮಿಲಿವೋಲ್ಟ್ ಅಗಲ ಇರುತ್ತದೆ. ಮೈನಸ್ 10ರಿಂದ ಪ್ಲಸ್ 10 ವೋಲ್ಟಿನ 16 ಬಿಟ್ ಡ್ಯಾಕಿನ ಒಂದು ಮೆಟ್ಟಿಲು 0.3 ಮಿಲಿವೋಲ್ಟ್! ಪೀಕಿನ ಪೂರ್ತಿ ಅಗಲ ಒಂದು ಮೆಟ್ಟಿಲ ಅರ್ಧವೂ ಇಲ್ಲ. ತೆರೆಯ ಮೇಲೆ ಬಿಂದುಗಳನ್ನು ಗೆರೆಯಿಂದ ಜೋಡಿಸಿ ತೋರಿಸಿದಾಗ ಅದು ಚೆಂದದ ಅಗಲ ಪೀಕಿನಂತೆಯೇ ಕಾಣುತ್ತದೆ, ಎಷ್ಟು ತಣ್ಣಗೆ ಮಾಡಿದರೂ ಅಗಲ ಬದಲಾಗುವುದಿಲ್ಲ, ಎಲೆಕ್ಟ್ರಾನು ಬಿಸಿಯಾಗಿದೆ ಎಂದು ನಂಬಿಸುತ್ತದೆ. ಗೆರೆ ತೆಗೆದು ಬರೀ ಬಿಂದು ಹಾಕಿ ನೋಡಿ. ಅರ್ಧ ಎತ್ತರದ ಮೇಲೆ ಎಂಟು ಹತ್ತು ಬಿಂದುಗಳಾದರೂ ಇರಬೇಕು. ಇಲ್ಲದಿದ್ದರೆ ಆ ಗೇಟಿಗೆ ಸೂಕ್ಷ್ಮ ಸ್ವೀಪಿಗೆಂದೇ ನೂರಕ್ಕೆ ಒಂದು ಡಿವೈಡರ್ ಹಾಕಿದ ಎರಡನೇ ಡ್ಯಾಕ್ ಚಾನೆಲ್ಲನ್ನು ಕೂಡಿಸಿ.

ಲಾಕ್‌ಇನ್ ಆಂಪ್ಲಿಫೈಯರಿನಿಂದ ಅಳೆಯಲೆಂದು ಡಾಟಿನ ಮೇಲೆ ಹಾಕುವ ಪುಟ್ಟ ಏಸಿ ವೋಲ್ಟೇಜು, ಅಂದರೆ ಎಕ್ಸೈಟೇಷನ್, ಮುಂದಿನದು. 20 ಮಿಲಿಕೆಲ್ವಿನ್ ಅಳೆಯಬೇಕೆಂದರೆ ಡಾಟಿನ ಮೇಲೆ ಬೀಳುವ ವೋಲ್ಟೇಜ್ 1.7 ಮೈಕ್ರೋವೋಲ್ಟಿಗಿಂತ ಕೆಳಗಿರಬೇಕು. 10 ಮೈಕ್ರೋವೋಲ್ಟ್ ಹಾಕಿದರೆ ನೀವು ಅಳೆಯುವುದು ನಿಮ್ಮ ಲಾಕ್‌ಇನ್ನನ್ನೇ. ಅರ್ಧ ಮಾಡಿ, ಪೀಕು ಸಣ್ಣಗಾಯಿತೇ ನೋಡಿ, ಮತ್ತೆ ಅರ್ಧ ಮಾಡಿ. ಅಗಲ ಬದಲಾಗುವುದು ನಿಂತ ಮೇಲಿನ ಅಳತೆಯನ್ನಷ್ಟೇ ನಂಬಿ.

ಇದಕ್ಕಿಂತ ದೊಡ್ಡ ಪೆಟ್ಟು ಕೊಡುವುದು ಕರೆಂಟ್ ಪ್ರೀಆಂಪ್ಲಿಫೈಯರಿನ ಇನ್‌ಪುಟ್ ಆಫ್‌ಸೆಟ್. ನೀವು ಬಯಾಸ್ ಸೊನ್ನೆ ಎಂದುಕೊಂಡಿರುವಾಗ ಅದು ಒಳಗಿನಿಂದ 100 ಮೈಕ್ರೋವೋಲ್ಟ್ ತಳ್ಳುತ್ತಿರಬಹುದು. ತಾಪಮಾನಕ್ಕೆ ತಿರುಗಿಸಿದರೆ 100 ಮೈಕ್ರೋ ಇವಿ ಎಂದರೆ 1.16 ಕೆಲ್ವಿನ್, 15 ಮಿಲಿಕೆಲ್ವಿನ್‌ನ ಎದುರಿಗೆ! ಪೀಕಿನ ಮೇಲೆ ನಿಂತು ಬಯಾಸನ್ನು ನಿಧಾನವಾಗಿ ಓಡಿಸಿ, ಕರೆಂಟು ಧನದಿಂದ ಋಣಕ್ಕೆ ಹೊರಳುವ ಜಾಗವೇ ನಿಜವಾದ ಸೊನ್ನೆ. ಆ ವೋಲ್ಟೇಜನ್ನು ಬಯಾಸಿಗೆ ಸೇರಿಸಿ. ಆಫ್‌ಸೆಟ್ ಕೋಣೆಯ ಬಿಸಿಯ ಜೊತೆ ತೇಲುವುದರಿಂದ ಬೆಳಗ್ಗೆ ಸರಿ ಮಾಡಿದ್ದು ಮಧ್ಯಾಹ್ನಕ್ಕೆ ತಪ್ಪಿರುತ್ತದೆ. ಮುಖ್ಯ ಅಳತೆಯ ಮುಂಚೆ ಪ್ರತಿ ಸಲವೂ ನೋಡಿ.

ಎಲೆಕ್ಟ್ರಾನು ಡಾಟಿನಲ್ಲಿ ಕಡಿಮೆ ಹೊತ್ತು ನಿಲ್ಲುವುದರಿಂದ ಬರುವ ಜೀವಿತಾವಧಿಯ ಅಗಲವನ್ನು ಬೇರ್ಪಡಿಸಲು ಪೀಕನ್ನು ಲಾಗ್ ಮಾಪಕದಲ್ಲಿ ಹಾಕಿ. ಬಾಲ ನೇರ ಗೆರೆಯಂತೆ ಇಳಿದರೆ ಶಾಖದ ಅಗಲ. ಬಾಲ ಬಾಗಿ ಉದ್ದಕ್ಕೆ ಚಾಚಿಕೊಂಡರೆ ಲೀಡಿನ ತಡೆಗೋಡೆ ಸಡಿಲ, ಎಲೆಕ್ಟ್ರಾನು ಡಾಟಿನಲ್ಲಿ ನಿಲ್ಲುತ್ತಲೇ ಇಲ್ಲ. ಬ್ಯಾರಿಯರ್ ಗೇಟನ್ನು ಸ್ವಲ್ಪ ಋಣಕ್ಕೆ ಎಳೆಯಿರಿ. ಎತ್ತರ ತಗ್ಗಿ ಅಗಲ ಹಾಗೇ ಉಳಿದರೆ ಮಾತ್ರ ಶಾಖದ ಮಾತು. ಇನ್ನು, ಒಂದು ಪೀಕನ್ನು ಬೇಗ ಓಡಿಸಿದಾಗ ಸಣ್ಣಗೆ, ನಿಧಾನ ಓಡಿಸಿ ಸರಾಸರಿ ತೆಗೆದಾಗ ದಪ್ಪಗೆ ಬಂದರೆ ಪೀಕೇ ಅತ್ತಿತ್ತ ಕುಣಿಯುತ್ತಿದೆ. ಇದು ಚಾರ್ಜ್ ನಾಯ್ಸ್. ನಕ್ಷೆಯಲ್ಲಿ ಇದು ಅಡ್ಡಲಾಗಿ ಹರಿದ ಗೆರೆಗಳಾಗಿ ಕಾಣುತ್ತದೆ. ಗ್ಯಾಲಿಯಂ ಆರ್ಸೆನೈಡ್ ಚಿಪ್ಪಾದರೆ ಗೇಟುಗಳಿಗೆ ಧನ ವೋಲ್ಟೇಜ್ ಕೊಟ್ಟು ತಣ್ಣಗೆ ಮಾಡುವುದು ಇದಕ್ಕೆ ಹಳೆಯ ಮದ್ದು. ಅದಕ್ಕೆ ಮತ್ತೆ ಬೆಚ್ಚಗೆ ಮಾಡಬೇಕಾಗುತ್ತದೆ.

ಕೊನೆಗೆ ಪ್ಲೇಟನ್ನು 50, 100, 200, 300 ಮಿಲಿಕೆಲ್ವಿನ್‌ಗೆ ಏರಿಸುತ್ತ ಅದೇ ಪೀಕಿನ ಅಗಲವನ್ನು ಗುರುತಿಸಿ. ಮೇಲಿನ ಭಾಗದ ನೇರ ಗೆರೆಯನ್ನು ಹಿಂದಕ್ಕೆ ಎಳೆದರೆ ಅದು ಸೊನ್ನೆಯ ಮೂಲಕ ಹಾಯಬೇಕು. ಹಾದು, ಕೆಳಭಾಗದಲ್ಲಿ ಮಾತ್ರ ಚಪ್ಪಟೆಯಾದರೆ ಎಲೆಕ್ಟ್ರಾನು ನಿಜವಾಗಿಯೂ ಬಿಸಿ. ಗೆರೆ ಸೊನ್ನೆಯನ್ನು ಬಿಟ್ಟು ಮೇಲೆ ಹಾದರೆ ಶಾಖವಲ್ಲದ ಬೇರೆ ಅಗಲವೂ ಕೂಡಿಕೊಂಡಿದೆ. ಸೊನ್ನೆಗೆ ಹಾದರೂ ಓರೆ ತಪ್ಪಿದ್ದರೆ ಲಿವರ್ ಆರ್ಮ್ ತಪ್ಪು. ಫ್ರಿಜ್ಜಿನಲ್ಲಿ ಅರ್ಧ ದಿನ ಮಾತ್ರ ಸಿಕ್ಕಿದರೂ ಈ ಒಂದು ಗೆರೆಯನ್ನು ಬಿಡಬೇಡಿ. ನಮ್ಮ ದೃಷ್ಟಿಯಲ್ಲಿ ಉಳಿದ ಎಲ್ಲ ಪರೀಕ್ಷೆಗಳಿಗಿಂತ ಇದರ ಬೆಲೆ ಹೆಚ್ಚು.

ತ್ರಿಕೋನದ ಅಂಚುಗಳು ಹೇಳುವುದು

ಒಂಟಿ ಡಾಟಿಗೆ ಇಲ್ಲದ ಒಂದು ಅನುಕೂಲ ಸರಣಿಯಲ್ಲಿರುವ ಜೋಡಿ ಡಾಟಿಗೆ ಇದೆ. ಯಾವ ಭಾಗ ಬಿಸಿಯಾಗಿದೆ ಎಂದು ಅದು ತಾನೇ ತೋರಿಸಿಕೊಡುತ್ತದೆ. 0.3ರಿಂದ 0.5 ಮಿಲಿವೋಲ್ಟ್ ಬಯಾಸ್ ಹಾಕಿ ಒಂದೇ ತ್ರಿಕೋನವನ್ನು ಹತ್ತಿರದಿಂದ, ನುಣ್ಣನೆಯ ಮೆಟ್ಟಿಲಿನಲ್ಲಿ ತೆಗೆಯಿರಿ.

ತ್ರಿಕೋನದ ಬುಡದ ಗೆರೆಯ ಮೇಲೆ ಎಡ ಬಲ ಡಾಟ್‌ಗಳ ಮೂಲ ಮಟ್ಟಗಳು ಒಂದೇ ಸಮಕ್ಕೆ ಬಂದಿರುತ್ತವೆ. ಅಲ್ಲಿ ಎಲೆಕ್ಟ್ರಾನು ಒಂದು ಮಟ್ಟದಿಂದ ಇನ್ನೊಂದು ಮಟ್ಟಕ್ಕೆ ದಾಟುತ್ತದೆ. ಲೀಡಿನ ಎಲೆಕ್ಟ್ರಾನ್‌ಗಳ ಬಿಸಿ ಆ ರೆಸೊನೆನ್ಸಿನ ಅಗಲಕ್ಕೆ ಸೇರುವುದೇ ಇಲ್ಲ. ಡಾಟ್‌ಗಳ ನಡುವಿನ ಟನಲ್ ಕಪ್ಲಿಂಗ್ (ತಡೆಗೋಡೆಯ ಮೂಲಕ ದಾಟುವ ನಂಟಿನ ಬಲ) ಮತ್ತು ಲೀಡಿಗೆ ಹೊರಹೋಗುವ ವೇಗ ಅಗಲವನ್ನು ನಿರ್ಧರಿಸುತ್ತವೆ. ಆದ್ದರಿಂದ ಬುಡದ ಗೆರೆ 3.5 ಕೆಟಿಗಿಂತ ಸಣ್ಣಗಿದ್ದರೆ ಗಾಬರಿಯಾಗಬೇಕಿಲ್ಲ, ಅದು ಹಾಗೇ ಇರಬೇಕು. ಕಪ್ಲಿಂಗ್ ಕಡಿಮೆ ಮಾಡಿದ ಮೇಲೂ ಅದು ದಪ್ಪಗೇ ಉಳಿದರೆ ಗೇಟಿನ ವೋಲ್ಟೇಜಿನಲ್ಲೋ ಚಿಪ್ಪಿನ ಒಳಗಿನ ಚಾರ್ಜಿನಲ್ಲೋ ಗದ್ದಲವಿದೆ ಎಂದರ್ಥ. ಫ್ರಿಜ್ಜನ್ನು ಎಷ್ಟು ತಣ್ಣಗೆ ಮಾಡಿದರೂ ಅದು ಹೋಗುವುದಿಲ್ಲ.

ಉಳಿದ ಎರಡು ಅಂಚುಗಳಲ್ಲಿ ಒಂದರ ಮೇಲೆ ಒಂದು ಡಾಟಿನ ಮಟ್ಟ ಸೋರ್ಸಿನ ಫರ್ಮಿ ಮಟ್ಟಕ್ಕೆ (ಎಲೆಕ್ಟ್ರಾನುಗಳು ತುಂಬಿರುವ ಶಕ್ತಿಯ ಮೇಲ್ಮಿತಿ), ಇನ್ನೊಂದರ ಮೇಲೆ ಮತ್ತೊಂದು ಡಾಟಿನ ಮಟ್ಟ ಡ್ರೇನಿನ ಫರ್ಮಿ ಮಟ್ಟಕ್ಕೆ ಸಮವಾಗಿರುತ್ತದೆ. ಈ ಅಂಚುಗಳ ಮೆತ್ತಗಿನ ಗುಣವೇ ಲೀಡಿನ ತಾಪಮಾನ. ಹತ್ತರಿಂದ ತೊಂಬತ್ತು ಶೇಕಡದವರೆಗೆ ಏರಲು ಹಿಡಿಯುವ ಅಂತರ ಸುಮಾರು 4.4 ಕೆಟಿ. ಎರಡನ್ನೂ ಪ್ರತ್ಯೇಕವಾಗಿ ಅಳೆಯಿರಿ, ಅವು ಒಂದೇ ಆಗಿರಬೇಕೆಂದೇನೂ ಇಲ್ಲ. ಸೋರ್ಸ್ ಅಂಚು 40 ಮಿಲಿಕೆಲ್ವಿನ್, ಡ್ರೇನ್ ಅಂಚು 150 ಕೊಟ್ಟರೆ ಹುಡುಕುವ ಜಾಗ ಅರ್ಧಕ್ಕೆ ಇಳಿಯಿತು: ಡ್ರೇನಿನ ಓಮಿಕ್ ಕಾಂಟ್ಯಾಕ್ಟ್ (ಚಿಪ್ಪಿನೊಳಗಿನ ಎಲೆಕ್ಟ್ರಾನುಗಳಿಗೆ ವೈರು ಸೇರುವ ಜಾಗ), ಅದರ ವೈರು, ಅದರ ತುದಿಯ ಪ್ರೀಆಂಪ್. ಸೋರ್ಸ್ ಮತ್ತು ಡ್ರೇನ್ ಕೇಬಲ್ಲನ್ನು ಹೊರಗಿನ ಪೆಟ್ಟಿಗೆಯಲ್ಲಿ ಅದಲು ಬದಲು ಮಾಡಿ. ಬಿಸಿ ಅಂಚು ಜಾಗ ಬದಲಿಸಿದರೆ ದೋಷ ಹೊರಗಿನ ಯಂತ್ರದಲ್ಲಿ, ಬದಲಿಸದಿದ್ದರೆ ಫ್ರಿಜ್ಜಿನ ಒಳಗೆ.

ಬುಡದ ಗೆರೆಯ ಎರಡು ಪಕ್ಕಗಳನ್ನೂ ನೋಡಿ. ಒಂದು ಪಕ್ಕದಲ್ಲಿ ಎಲೆಕ್ಟ್ರಾನು ಫೋನಾನ್ (ಹರಳಿನ ಕಂಪನದ ಕಣ) ಬಿಟ್ಟು ಕೆಳಗಿಳಿಯುತ್ತದೆ. ತಾಪಮಾನ ಸೊನ್ನೆಯಾದರೂ ಅಲ್ಲಿ ಬಾಲ ಇದ್ದೇ ಇರುತ್ತದೆ. ಇನ್ನೊಂದು ಪಕ್ಕದಲ್ಲಿ ಅದು ಸುತ್ತಲಿನಿಂದ ಶಕ್ತಿ ಹೀರಿ ಮೇಲೇರಬೇಕು, ಅಲ್ಲಿನ ಕರೆಂಟು ಕೆಟಿಯ ಘಾತೀಯದಂತೆ ಥಟ್ಟನೆ ಬೀಳಬೇಕು. ಹಾಗೆ ಬೀಳದೆ ಎಳೆದುಕೊಂಡು ಹೋಗಿದ್ದರೆ ಯಾರೋ ಡಾಟಿಗೆ ಶಕ್ತಿ ಕೊಡುತ್ತಿದ್ದಾರೆ. ಪಕ್ಕದಲ್ಲಿ ಡಾಟಿನ ಎಲೆಕ್ಟ್ರಾನುಗಳನ್ನು ಗುರುತಿಸುವ ಚಾರ್ಜ್ ಸೆನ್ಸರ್ ಇದ್ದರೆ ಮೊದಲ ಅನುಮಾನ ಅದರ ಮೇಲಿರಲಿ. 1 ಮಿಲಿವೋಲ್ಟ್ ಬಯಾಸಿನ ಸೆನ್ಸರ್ 1 ಮಿಲಿ ಇವಿವರೆಗಿನ ಶಕ್ತಿಯನ್ನು ಹೊರಚೆಲ್ಲಬಲ್ಲದು. ಅದನ್ನು 100–200 ಮೈಕ್ರೋವೋಲ್ಟಿಗೆ ಇಳಿಸಿ ಮತ್ತೆ ನೋಡಿ.

ಚಾರ್ಜ್ ಸೆನ್ಸರಿನಿಂದ ಡಾಟ್‌ಗಳ ನಡುವಿನ ದಾಟುವಿಕೆಯನ್ನೇ ಅಳೆದು ತಾಪಮಾನ ಹೇಳುವವರಿಗೆ ಒಂದು ಎಚ್ಚರಿಕೆ. ಆ ಗೆರೆಯ ಅಗಲದಲ್ಲಿ ಕೆಟಿ ಮತ್ತು ಟನಲ್ ಕಪ್ಲಿಂಗ್ ಎರಡೂ ಬೆರೆತಿರುತ್ತವೆ. ಕಪ್ಲಿಂಗ್ 20 ಮೈಕ್ರೋ ಇವಿ ಇದ್ದರೆ ಮಟ್ಟಗಳ ನಡುವಿನ ಅಂತರ ಅದರ ಎರಡರಷ್ಟು, ಅಂದರೆ 40. ಅದರ ಮುಂದೆ 100 ಮಿಲಿಕೆಲ್ವಿನ್‌ನ 8.6 ಲೆಕ್ಕಕ್ಕೇ ಬರುವುದಿಲ್ಲ. ನಡುವಿನ ಗೇಟನ್ನು ಮುಚ್ಚುತ್ತ ಬನ್ನಿ, ಅಗಲ ಇಳಿಯುವುದು ನಿಂತಲ್ಲಿ ಉಳಿದದ್ದು ಶಾಖ. ನಡುವಿನ ಗೇಟು ಪೂರ್ತಿ ಸಡಿಲವಾಗಿದ್ದರೆ ಜೇನುಗೂಡೇ ಕಾಣದೆ ಓರೆಯಾದ ಸಮಾನಾಂತರ ಗೆರೆಗಳು ಬರುತ್ತವೆ. ಎರಡು ಡಾಟ್‌ಗಳು ಕೂಡಿ ಒಂದು ದೊಡ್ಡ ಡಾಟ್ ಆಗಿವೆ ಅಷ್ಟೇ, ಶಾಖಕ್ಕೂ ಅದಕ್ಕೂ ಸಂಬಂಧವಿಲ್ಲ.

ತಣ್ಣಗಾದಷ್ಟೂ ಏರುವ ಕರೆಂಟು

ಪೀಕುಗಳ ನಡುವಿನ ಕಣಿವೆಯಲ್ಲಿ ಕರೆಂಟು ಸೊನ್ನೆಗೆ ಇಳಿಯದಿದ್ದರೆ ಅದನ್ನೂ ಶಾಖದ ಲೆಕ್ಕಕ್ಕೆ ಬರೆಯುತ್ತಾರೆ. ಕೋಟನಲಿಂಗ್ (ಎರಡು ದಾಟುವಿಕೆಗಳು ಒಟ್ಟಿಗೇ ಆಗಿ ಎಲೆಕ್ಟ್ರಾನು ತಡೆಯನ್ನು ಮೀರಿ ನುಸುಳುವುದು) ಇದ್ದರೆ ಎಷ್ಟು ತಣ್ಣಗೆ ಮಾಡಿದರೂ ಅಲ್ಲಿ ಒಂದಿಷ್ಟು ಕರೆಂಟು ಉಳಿಯುತ್ತದೆ. ಬ್ಯಾರಿಯರ್ ಬಿಗಿ ಮಾಡಿದರೆ ಬೇಗ ತಗ್ಗುತ್ತದೆ. ತಾಪಮಾನ ಇಳಿಸಿದಂತೆಲ್ಲ ಕಣಿವೆಯ ವಾಹಕತೆ ಏರುತ್ತಿದ್ದರೆ, ಅದೂ ಒಂದು ಬಿಟ್ಟು ಒಂದು ಕಣಿವೆಯಲ್ಲಿ, ಸೊನ್ನೆ ಬಯಾಸಿನಲ್ಲಿ ಚೂಪಾದ ಪೀಕಿನೊಡನೆ ಏರುತ್ತಿದ್ದರೆ, ಅದು ಕೊಂಡೊ ಪರಿಣಾಮ. ಡಾಟಿನಲ್ಲಿ ಬೆಸ ಸಂಖ್ಯೆಯ ಎಲೆಕ್ಟ್ರಾನುಗಳಿದ್ದು, ಜೋಡಿಯಿಲ್ಲದ ಸ್ಪಿನ್ನನ್ನು ಲೀಡಿನ ಎಲೆಕ್ಟ್ರಾನುಗಳು ಸುತ್ತುವರಿದು ಮರೆಮಾಡಿದಾಗ ಹೀಗಾಗುತ್ತದೆ. ಕ್ವಾಂಟಂ ಡಾಟ್‌ಗಳಲ್ಲಿ ಇದು ಕಂಡದ್ದು 1998ರಲ್ಲಿ. ಇದನ್ನು ದೋಷವೆಂದು ಸರಿಪಡಿಸಲು ಹೊರಡಬೇಡಿ. ನಿಮ್ಮ ಎಲೆಕ್ಟ್ರಾನುಗಳು ಸಾಕಷ್ಟು ತಣ್ಣಗಿವೆ ಎಂಬುದಕ್ಕೆ ಇದೇ ಒಳ್ಳೆಯ ಸಾಕ್ಷಿ.

ಶಾಖ ಬರುವ ದಾರಿಗಳು

ಲೀಡು ನಿಜವಾಗಿ ಬಿಸಿಯಾಗಿದೆ ಎಂದು ಖಾತ್ರಿಯಾದ ಮೇಲೆ ಮೊದಲು ಓಮಿಕ್ ಕಾಂಟ್ಯಾಕ್ಟ್ ಅಳೆಯಿರಿ. ವಿದ್ಯುತ್ತು ಚೆನ್ನಾಗಿ ಹರಿಯುವಲ್ಲಿ ಶಾಖವೂ ಚೆನ್ನಾಗಿ ಹರಿಯುತ್ತದೆ ಎನ್ನುವ ವೀಡ್‌ಮನ್–ಫ್ರಾಂಜ್ ನಿಯಮದಂತೆ 1 ಕಿಲೋಓಮ್ ಕಾಂಟ್ಯಾಕ್ಟು 50 ಮಿಲಿಕೆಲ್ವಿನ್‌ನಲ್ಲಿ ಹೊರಗೆ ಸಾಗಿಸುವ ಶಾಖ ಪ್ರತಿ ಕೆಲ್ವಿನ್‌ಗೆ ಸುಮಾರು 1.2 ಪಿಕೋವ್ಯಾಟ್. ಅದರೊಳಗೆ 0.01 ಪಿಕೋವ್ಯಾಟ್ ಬಿದ್ದರೂ ಎಲೆಕ್ಟ್ರಾನು 8 ಮಿಲಿಕೆಲ್ವಿನ್‌ನಷ್ಟು ಬಿಸಿಯಾಗುತ್ತದೆ. ಕಾಂಟ್ಯಾಕ್ಟು 20 ಕಿಲೋಓಮ್ ಆದರೆ ಈ ದಾರಿ ಇಪ್ಪತ್ತು ಪಟ್ಟು ಕಿರಿದು. ಚಾರ್ಜ್ ಸೆನ್ಸರಿನಲ್ಲಿ 10 ನ್ಯಾನೋಆಂಪ್ ಹರಿದು ಒಟ್ಟು ರೋಧ 30 ಕಿಲೋಓಮ್ ಇದ್ದರೆ 3 ಪಿಕೋವ್ಯಾಟ್ ಉತ್ಪತ್ತಿಯಾಗುತ್ತದೆ. ಸೆನ್ಸರೂ ಡಾಟೂ ಒಂದೇ ಓಮಿಕ್ ಹಂಚಿಕೊಂಡಿದ್ದರೆ ಬೇರೆ ಕಾರಣ ಹುಡುಕುವ ಅಗತ್ಯವೇ ಇಲ್ಲ. ಬಳಸದೆ ಬಿಟ್ಟ ಓಮಿಕ್‌ಗಳು ಚಿಪ್ಪಿನಲ್ಲಿದ್ದರೆ ಅವನ್ನೂ ಫಿಲ್ಟರ್ ಮೂಲಕ ಗ್ರೌಂಡಿಗೆ ಕಟ್ಟಿ, ಶಾಖ ಹೊರಹೋಗಲು ಇನ್ನೊಂದು ಬಾಗಿಲು ಸಿಗುತ್ತದೆ.

ವೈರು ಪ್ಲೇಟಿಗೆ ನಿಜವಾಗಿ ಅಂಟಿದೆಯೇ? 4 ಕೆಲ್ವಿನ್‌ನಿಂದ ಕೆಳಗೆ ನಯೋಬಿಯಂ–ಟೈಟೇನಿಯಂ ವೈರು ಎಳೆದಿದ್ದರೆ ಅದು ಸೂಪರ್‌ಕಂಡಕ್ಟರ್. ಅದರ ಎಲೆಕ್ಟ್ರಾನುಗಳು ಶಾಖ ಒಯ್ಯುವುದೇ ಇಲ್ಲ. ಮೇಲಿನಿಂದ ಬರುವ ಶಾಖ ತಡೆಯಲು ಅದು ಒಳ್ಳೆಯದು, ಚಿಪ್ಪನ್ನು ತಣ್ಣಗಾಗಿಸಲು ಬಾರದು. ಮಿಕ್ಸಿಂಗ್ ಚೇಂಬರಿನಿಂದ ಚಿಪ್ಪಿನವರೆಗೆ ತಾಮ್ರವನ್ನೋ ಬೆಳ್ಳಿಯನ್ನೋ ಹಾಕಿ, ಮೀಟರುಗಟ್ಟಲೆ ವೈರನ್ನು ತಾಮ್ರದ ಉರುಳೆಗೆ ಸುತ್ತಿ ವಾರ್ನಿಷ್ ಹಚ್ಚಿ. ತವರ–ಸೀಸದ ಬೆಸುಗೆಯೂ ಸುಮಾರು 7 ಕೆಲ್ವಿನ್‌ನ ಕೆಳಗೆ ಸೂಪರ್‌ಕಂಡಕ್ಟರ್. ದಪ್ಪ ಬೆಸುಗೆಯ ಉಂಡೆ ಮಿಲಿಕೆಲ್ವಿನ್‌ನಲ್ಲಿ ಶಾಖಕ್ಕೆ ಗೋಡೆಯಾಗುತ್ತದೆ. ಹೋಲ್ಡರನ್ನು ಬಿಗಿಯಲು ಹಿತ್ತಾಳೆ ತಿರುಪು ಬಳಸಿ. ತಣ್ಣಗಾದಾಗ ಹಿತ್ತಾಳೆ ಸುಮಾರು 0.38 ಶೇಕಡ, ತಾಮ್ರ 0.32, ಸ್ಟೇನ್‌ಲೆಸ್ 0.30 ಕುಗ್ಗುತ್ತದೆ. ಹಿತ್ತಾಳೆ ಇನ್ನಷ್ಟು ಬಿಗಿಯುತ್ತದೆ, ಸ್ಟೇನ್‌ಲೆಸ್ ಸಡಿಲವಾಗುತ್ತದೆ. ಪ್ಲೇಟಿನ ಥರ್ಮಾಮೀಟರನ್ನು ಮಾತ್ರ ನಂಬದೆ ಹೋಲ್ಡರಿನ ಮೇಲೇ ಒಂದು ಕೂರಿಸಿ.

ಚಿಪ್ಪಿನ ಡಬ್ಬಿಯಲ್ಲಿ ಬೆಳಕು ಸೋರುತ್ತಿದೆಯೇ ಎಂದು ತಿಳಿಯಲು ಫ್ರಿಜ್ಜಿನ ಮೇಲಿನ, ಹೆಚ್ಚು ಬೆಚ್ಚಗಿನ ಹಂತವಾದ ಸ್ಟಿಲ್ಲನ್ನು 0.7ರಿಂದ 1 ಕೆಲ್ವಿನ್‌ಗೆ ಏರಿಸಿ, ಪ್ಲೇಟು ಹಾಗೇ ಇರುವಂತೆ ನೋಡಿಕೊಳ್ಳಿ. ಪೀಕು ಅಗಲವಾದರೆ ಡಬ್ಬಿಯ ಮುಚ್ಚಳದಲ್ಲಿ ಸಂದಿಯಿದೆ.

ಹೀಲಿಯಂ ಅನಿಲದ ಒತ್ತಡವನ್ನು ಏರಿಳಿಸಿ ಫ್ರಿಜ್ಜನ್ನು ಸುಮಾರು 4 ಕೆಲ್ವಿನ್‌ವರೆಗೆ ತಣಿಸುವ ಪಲ್ಸ್ ಟ್ಯೂಬ್ ಯಂತ್ರದಲ್ಲಿ ಕಂಪನವೂ ಶಾಖವೂ ಒಂದೇ ವೇಷದಲ್ಲಿ ಬರುತ್ತವೆ. ಒಂದೆರಡು ನಿಮಿಷ ಪಲ್ಸ್ ಟ್ಯೂಬ್ ನಿಲ್ಲಿಸಿ, 4 ಕೆಲ್ವಿನ್ ಪ್ಲೇಟಿನ ಮೇಲೆ ಕಣ್ಣಿಟ್ಟುಕೊಂಡು ಒಂದು ಪೀಕು ತೆಗೆಯಿರಿ. ನಿಲ್ಲಿಸಿದ ಕ್ಷಣವೇ ಸಣ್ಣಗಾದರೆ ಅಲುಗಾಡುವ ಕೇಬಲ್ಲಿನಲ್ಲಿ ತಿಕ್ಕಾಟದಿಂದ ಹುಟ್ಟುವ ಚಾರ್ಜು ಕಾರಣ. ಸುಮಾರು 1.4 ಹರ್ಟ್ಸ್‌ನಲ್ಲಿ ಅದರ ಗುರುತು ಸಿಗುತ್ತದೆ. ಕೇಬಲ್ಲನ್ನು ಅಂಗುಲ ಅಂಗುಲಕ್ಕೂ ಕಟ್ಟಿಹಾಕಿ.

ಊರಿನ ಮೇಜಿನ ಮೇಲೆ

ಫಿಲ್ಟರ್ ಪೆಟ್ಟಿಗೆಯನ್ನು ಇಲ್ಲೇ ಪರೀಕ್ಷಿಸಿ. 1 ಕಿಲೋಓಮ್, 10 ನ್ಯಾನೋಫ್ಯಾರಡ್‌ನ ಒಂದು ಹಂತ ಸುಮಾರು 16 ಕಿಲೋಹರ್ಟ್ಸ್‌ಗೆ ಕತ್ತರಿಸಬೇಕು. ಕೆಪ್ಯಾಸಿಟರ್ ಎಕ್ಸ್7ಆರ್ ಬಗೆಯದಾಗಿದ್ದರೆ ಶೀತಕ್ಕೆ ಅದರ ಧಾರಕತೆ ಅರ್ಧಕ್ಕಿಂತ ಕೆಳಗೆ ಕುಸಿಯುತ್ತದೆ. ಸಿ0ಜಿ ಬಗೆಯದು ಬಹುತೇಕ ಅಲುಗುವುದಿಲ್ಲ. ಇದನ್ನು ನೋಡಲು ದ್ರವ ಸಾರಜನಕ ಸಾಕು. ಹಸು ಎಮ್ಮೆಗಳ ಕೃತಕ ಗರ್ಭಧಾರಣೆಗೆ ವೀರ್ಯದ ಕಡ್ಡಿಗಳನ್ನು ಇಡುವುದು ಅದರಲ್ಲೇ, ಹಾಗಾಗಿ ನಮ್ಮ ಜಿಲ್ಲೆಗಳಿಗೆ ಅದು ಹೊಸದಲ್ಲ. ಕೈಗಾರಿಕಾ ಅನಿಲ ಮಾರುವವರಲ್ಲೂ ಕೇಳಬಹುದು. ಕಿಟಕಿ ಬಾಗಿಲು ತೆರೆದ ಕೋಣೆಯಲ್ಲಿ, ಬಾಯಿ ಬಿಗಿಯಾಗಿ ಮುಚ್ಚದ ಪಾತ್ರೆಯಲ್ಲಿ, ಕೈಗವಸು ಕನ್ನಡಕ ಹಾಕಿಕೊಂಡು ಬೋರ್ಡನ್ನು ನಿಧಾನ ಇಳಿಸಿ. 77 ಕೆಲ್ವಿನ್‌ನಲ್ಲಿ ಕೆಪ್ಯಾಸಿಟರಿನ ಕಪಟ ಹೊರಬೀಳುತ್ತದೆ, ಬಿರುಕು ಬಿಟ್ಟ ಬೆಸುಗೆಯೂ ತೆರೆದುಕೊಳ್ಳುತ್ತದೆ. ರೆಸಿಸ್ಟರಿನದು ಹಾಗಲ್ಲ. ದಪ್ಪ ಪದರದ ರುಥೇನಿಯಂ ಆಕ್ಸೈಡ್ ರೆಸಿಸ್ಟರು 77ರಲ್ಲಿ ಸಾಧುವಾಗಿದ್ದು ಮಿಲಿಕೆಲ್ವಿನ್‌ನಲ್ಲಿ ಹಲವು ಪಟ್ಟು ಏರುತ್ತದೆ. ಆದ್ದರಿಂದ ತೆಳು ಪದರದ ನೈಕ್ರೋಮ್ ಬಗೆಯನ್ನೇ ಕೊಳ್ಳಿ, ಪರೀಕ್ಷೆಯನ್ನು ನೆಚ್ಚಬೇಡಿ.

ಈ ಬಗೆಯ ಫಿಲ್ಟರು ನೂರಾರು ಮೆಗಾಹರ್ಟ್ಸ್ ಮೇಲೆ ಸೋಲುತ್ತದೆ. ಕೆಪ್ಯಾಸಿಟರಿನ ಕಾಲುಗಳೇ ಇಂಡಕ್ಟರ್ ಆಗುತ್ತವೆ. 1 ಗಿಗಾಹರ್ಟ್ಸ್‌ನ ಒಂದು ಫೋಟಾನು 48 ಮಿಲಿಕೆಲ್ವಿನ್‌ಗೆ ಸಮ, ಆದ್ದರಿಂದ ಈ ಸೋರಿಕೆ ಸಣ್ಣದಲ್ಲ. ತಾಮ್ರದ ಪುಡಿಯನ್ನು ಎಪಾಕ್ಸಿಯಲ್ಲಿ ಕಲಸಿ, ಅದರೊಳಗೆ ಒಂದೆರಡು ಮೀಟರ್ ಸಣ್ಣ ಎನಾಮಲ್ ತಂತಿಯನ್ನು ಸುತ್ತಿ ಹುದುಗಿಸಿದ ಪೌಡರ್ ಫಿಲ್ಟರನ್ನು ಇದರ ಮುಂದೆ ಹಾಕಿ. ನೆಟ್‌ವರ್ಕ್ ಅನಲೈಸರಿನಲ್ಲಿ 1 ಗಿಗಾಹರ್ಟ್ಸ್ ಮೇಲೆ ಎಲ್ಲೂ 60 ಡೆಸಿಬೆಲ್‌ಗಿಂತ ಕಡಿಮೆ ತಡೆ ಇರಬಾರದು.

ಅರ್ಥಿಂಗ್ ವಿಷಯ ನಮ್ಮ ನೆಲದಲ್ಲಿ ವಿಶೇಷ ಗಮನ ಬೇಡುತ್ತದೆ. ಬಳ್ಳಾರಿ, ಕೊಪ್ಪಳದ ಗುಡ್ಡದ ಮಗ್ಗುಲಲ್ಲಿ ಗರಸು ಮಣ್ಣಿನ ಕೆಳಗೆ ಬೇಗನೆ ಬಂಡೆ ಸಿಗುತ್ತದೆ, ಗುಂಡಿ ಆಳಕ್ಕೆ ಹೋಗುವುದಿಲ್ಲ. ಅಲ್ಲಿ ದೂರ ದೂರ ಎರಡು ಮೂರು ಗುಂಡಿ ತೋಡಿ ಪಟ್ಟಿಯಿಂದ ಜೋಡಿಸಬೇಕು. ರಾಯಚೂರಿನ ಎರೆ ನೆಲ ಮಳೆಗಾಲದಲ್ಲಿ ಚೆನ್ನಾಗಿ ಹಿಡಿಯುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಎಲೆಕ್ಟ್ರೋಡಿನಿಂದ ಬಿಟ್ಟುಕೊಳ್ಳುತ್ತದೆ. ಜನವರಿಯಲ್ಲಿ 1 ಓಮ್ ಇದ್ದದ್ದು ಮೇ ತಿಂಗಳಲ್ಲಿ ಎಷ್ಟಾಗಿದೆ ಎಂದು ಅರ್ಥ್ ಟೆಸ್ಟರಿನಲ್ಲಿ ಮತ್ತೆ ಅಳೆದೇ ತಿಳಿಯಬೇಕು. ಇದ್ದಿಲು, ಉಪ್ಪಿನ ಗುಂಡಿಗೆ ನೀರು ಹಾಕುವುದು ತಪ್ಪಬಾರದು. ದಿನವೂ ಮಾಡಬಹುದಾದ ಪರೀಕ್ಷೆ ಇನ್ನೂ ಸುಲಭ: ಮಲ್ಟಿಮೀಟರನ್ನು ಏಸಿ ವೋಲ್ಟಿಗೆ ತಿರುಗಿಸಿ ಸಾಕೆಟ್ಟಿನ ನ್ಯೂಟ್ರಲ್ ಮತ್ತು ಅರ್ಥಿನ ನಡುವೆ ಹಿಡಿಯಿರಿ. 1 ವೋಲ್ಟಿನೊಳಗಿದ್ದರೆ ಸರಿ. ಪಂಪ್‌ಸೆಟ್ಟುಗಳಿಗೆ ತ್ರೀ ಫೇಸ್ ಬಿಟ್ಟ ಹೊತ್ತಿನಲ್ಲಿ, ಗಂಗಾವತಿ, ಸಿಂಧನೂರಿನಂಥ ಕಡೆ ಅಕ್ಕಿ ಗಿರಣಿಯ ಮೋಟರು ಹತ್ತಿದಾಗ ಮತ್ತೆ ನೋಡಿ. ಮುಳ್ಳು ಹೊಯ್ದಾಡಿದರೆ ಅದೇ 50 ಹರ್ಟ್ಸ್ ನಿಮ್ಮ ಕೇಬಲ್ಲಿನ ಕವಚದ ಮೇಲೆ ಹರಿಯುತ್ತದೆ. ಪ್ರೀಆಂಪನ್ನು ಬ್ಯಾಟರಿಯಲ್ಲಿ ನಡೆಸಿ, ರ‍್ಯಾಕಿಗೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ, ಕಂಪ್ಯೂಟರಿನ ತಂತಿಯನ್ನು ಆಪ್ಟಿಕಲ್ ಮಾಡಿ, ಕವಚಗಳೆಲ್ಲ ಒಂದೇ ಬಿಂದುವಿನಲ್ಲಿ ಸೇರಲಿ. ಸುರಕ್ಷತೆಯ ಅರ್ಥನ್ನು ಮಾತ್ರ ಯಾವ ಕಾರಣಕ್ಕೂ ಕೀಳಬೇಡಿ.

ಕೋಣೆಯ ಧಗೆಯೂ ಪೀಕಿನಲ್ಲಿ ಕಾಣುತ್ತದೆ. ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ 5 ಭಾಗ ತೇಲುವ ಡ್ಯಾಕಿನಲ್ಲಿ 1 ವೋಲ್ಟ್ ಇಟ್ಟಿದ್ದೀರಿ, ಕರೆಂಟು ಹೋಗಿ ಏಸಿ ನಿಂತು ಕೋಣೆ 8 ಡಿಗ್ರಿ ಏರಿತು ಎಂದುಕೊಳ್ಳಿ. ಗೇಟು 40 ಮೈಕ್ರೋವೋಲ್ಟ್ ಸರಿಯಿತು, ಡಾಟು 2 ಮೈಕ್ರೋ ಇವಿ ಸರಿಯಿತು. 20 ಮಿಲಿಕೆಲ್ವಿನ್‌ನ ಕೆಟಿಗಿಂತ ಅದು ಹೆಚ್ಚು. ಯುಪಿಎಸ್‌ಗೆ ರ‍್ಯಾಕನ್ನು ಮಾತ್ರ ಕಟ್ಟಿದರೆ ಸಾಲದು. ನಮ್ಮ ಸೀಮೆಯಲ್ಲಿ ಪಲ್ಸ್ ಟ್ಯೂಬ್ ಯಂತ್ರವನ್ನೇ ಕೂರಿಸುವುದಾದರೆ ಕಂಪ್ರೆಸರಿಗೆ ಬೋರಿನ ಗಡಸು ನೀರನ್ನು ನೇರ ಬಿಡಬೇಡಿ. ಸುಣ್ಣದ ಪೊರೆ ಕಟ್ಟಿ ಬೇಸಿಗೆಯಲ್ಲೇ ಎಣ್ಣೆ ಬಿಸಿಯಾಗಿ ಟ್ರಿಪ್ ಆಗುತ್ತದೆ. ಮುಚ್ಚಿದ ಸುತ್ತಿನ ಚಿಲ್ಲರ್ ಬೇಕೇ ಬೇಕು.

ಒಣ ಹವೆಯಲ್ಲಿ ಚಿಪ್ಪನ್ನು ಮುಟ್ಟುವುದೇ ದೊಡ್ಡ ಅಪಾಯ. ಗೇಟಿಗೆ ಕೆಲವೇ ವೋಲ್ಟ್ ತಾಳುವ ಶಕ್ತಿ. ಏಪ್ರಿಲ್‌ನಲ್ಲಿ ಪಾಲಿಯೆಸ್ಟರ್ ಅಂಗಿ ತೊಟ್ಟ ಮೈಮೇಲೆ ಸಾವಿರಾರು ವೋಲ್ಟ್ ಸ್ಥಿರವಿದ್ಯುತ್ತು ಇರಬಹುದು. ಹತ್ತಿ ಬಟ್ಟೆ, 1 ಮೆಗಾಓಮ್ ಮಣಿಕಟ್ಟಿನ ಪಟ್ಟಿ, ತೇವಾಂಶ 40 ಶೇಕಡಕ್ಕೆ ಏರುವ ತನಕ ಹ್ಯೂಮಿಡಿಫೈಯರ್. ಚಿಪ್ಪಿಗೆ ಸಣ್ಣ ತಂತಿಗಳ ಬಾಂಡಿಂಗ್ ಆದ ಮೇಲೆ ಎಲ್ಲ ಪಿನ್ನುಗಳನ್ನೂ ಒಂದಕ್ಕೊಂದು ಶಾರ್ಟ್ ಮಾಡುವ ಸಾಕೆಟ್ಟಿನಲ್ಲೇ ಬಸ್ಸು, ರೈಲು ಹತ್ತಿಸಿ. ಸುಟ್ಟ ಗೇಟು ಪೂರ್ತಿ ಸತ್ತಿರುವುದಿಲ್ಲ, ಸೋರುತ್ತಿರುತ್ತದೆ. ಆ ಸೋರಿಕೆಯ ಕರೆಂಟು ಲೀಡನ್ನು ಬಿಸಿ ಮಾಡುತ್ತದೆ. ಫ್ರಿಜ್ಜಿಗೆ ಹಾಕಿದ ಕೂಡಲೇ 4 ಕೆಲ್ವಿನ್‌ನಲ್ಲಿ ಪ್ರತಿ ಗೇಟಿನ ಸೋರಿಕೆ ಅಳೆದು, ಬಳಸುವ ವೋಲ್ಟೇಜಿನಲ್ಲಿ ಕೆಲವು ಪಿಕೋಆಂಪ್ ಮೀರಿದವನ್ನು ಗುರುತು ಹಾಕಿಡಿ.

ಹುಡುಕುವ ಕ್ರಮ

ಬಿಚ್ಚದೆ ಮಾಡುವುದು ಮೊದಲು: ಡ್ಯಾಕ್ ಮೆಟ್ಟಿಲು, ಎಕ್ಸೈಟೇಷನ್, ಪ್ರೀಆಂಪ್ ಆಫ್‌ಸೆಟ್, ನಂತರ ತ್ರಿಕೋನದ ಅಂಚುಗಳು. ಅಲ್ಲಿಗೂ ಬಗೆಹರಿಯದಿದ್ದರೆ ಹೊರಗಿನ ಕೇಬಲ್ಲುಗಳನ್ನೆಲ್ಲ ಕಿತ್ತು ಗೇಟುಗಳನ್ನು, ವೈರುಗಳನ್ನು ಒಂದೊಂದಾಗಿ ಹೊರತರುವ ಬ್ರೇಕ್‌ಔಟ್ ಪೆಟ್ಟಿಗೆಯಲ್ಲೇ ಗ್ರೌಂಡ್ ಮಾಡಿ, ಅಳತೆಗೆ ಬೇಕಾದಷ್ಟನ್ನೇ ಒಂದೊಂದಾಗಿ ಸೇರಿಸುತ್ತ ಬನ್ನಿ. ಯಾವುದನ್ನು ಸೇರಿಸಿದಾಗ ಪೀಕು ದಪ್ಪವಾಯಿತೋ ಅದನ್ನು ಹಿಡಿಯಿರಿ. ಆಮೇಲೆ ಪಲ್ಸ್ ಟ್ಯೂಬ್, ಸ್ಟಿಲ್, ಸೆನ್ಸರ್ ಬಯಾಸ್. ವೈರು, ತಿರುಪು, ಬೆಸುಗೆ, ಡಬ್ಬಿಗಳಿಗೆ ಕೈಹಾಕಲು ಫ್ರಿಜ್ಜನ್ನು ಬೆಚ್ಚಗೆ ಮಾಡಬೇಕಾಗುವುದರಿಂದ ಅವು ಕೊನೆಗಿರಲಿ, ಮತ್ತು ಒಮ್ಮೆ ತೆರೆದಾಗ ಎಲ್ಲವನ್ನೂ ಒಟ್ಟಿಗೆ ನೋಡಿ ಮುಗಿಸಿ. ಮುಚ್ಚಿ ತಣ್ಣಗೆ ಮಾಡಿದ ಮೇಲೆ ಅದೇ ಎಕ್ಸೈಟೇಷನ್ನಿನಲ್ಲಿ ಪ್ಲೇಟಿನ ತಾಪಮಾನಕ್ಕೆ ಎದುರಾಗಿ ಅಗಲದ ಗೆರೆಯನ್ನು ಮತ್ತೆ ಹಾಕಿ. ಬೆಚ್ಚಗಾದ ಚಿಪ್ಪಿನಲ್ಲಿ ಪೀಕುಗಳು ಜಾಗ ಬದಲಿಸಿರುತ್ತವೆ, ಲಿವರ್ ಆರ್ಮನ್ನು ಹೊಸದಾಗಿ ತೆಗೆದೇ ಲೆಕ್ಕ ಮಾಡಿ.